ಸ್ಕಿಜೋಫ್ರೇನಿಯಾ ಚಿಕಿತ್ಸೆ ಔಷಧದ ಚೀಟಿಯಲ್ಲೇ ಮುಗಿಯದಿರಲಿ: ಒಂದು ಬಹಿರಂಗ ಪತ್ರ

ಮಾನಸಿಕ ಆರೋಗ್ಯ ಸೇವೆಗಳನ್ನು ರೂಪಿಸುವವರಿಗೂ ನಡೆಸುವವರಿಗೂ,

ಮಾನ್ಯರೇ,

ಸ್ಕಿಜೋಫ್ರೇನಿಯಾ ಇರುವವರ ಚಿಕಿತ್ಸೆಗೆ ಹಣ ಮಂಜೂರು ಮಾಡುವವರು, ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳನ್ನು ನಡೆಸುವವರು, ಯಾವ ಔಷಧ ಯಾವ ಹಂತದ ಆಸ್ಪತ್ರೆಯಲ್ಲಿ ಸಿಗಬೇಕೆಂದು ತೀರ್ಮಾನಿಸುವವರು, ಈ ಎಲ್ಲರನ್ನೂ ಉದ್ದೇಶಿಸಿ ಬರೆಯುತ್ತಿದ್ದೇನೆ. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ದೃಢವಾಗಿ ನಂಬಿಸುವ ಈ ತೀವ್ರ ಮನೋರೋಗ ನನ್ನ ತಮ್ಮನಿಗಿದೆ. ಅವನ ಒಪ್ಪಿಗೆ ಪಡೆದೇ ಅವನ ವಿಷಯವನ್ನು ಒಂದೆರಡು ಕಡೆ ಪ್ರಸ್ತಾಪಿಸಿದ್ದೇನೆ. ನನ್ನ ಅಹವಾಲು ಇಷ್ಟೇ: ಈ ಕಾಯಿಲೆಗೆ ಫಲ ಕೊಡುತ್ತವೆಂದು ಪರೀಕ್ಷೆಗಳಲ್ಲಿ ಸಾಬೀತಾದ ಚಿಕಿತ್ಸೆಗಳು ದಶಕಗಳಿಂದ ನಮ್ಮೆದುರಿಗಿವೆ, ಹಾಗಿದ್ದೂ ಅವು ರೋಗಿಯನ್ನು ತಲುಪುವಾಗ ವರ್ಷಗಳು ಕಳೆದಿರುತ್ತವೆ, ಎಷ್ಟೋ ಮಂದಿಯನ್ನು ತಲುಪುವುದೇ ಇಲ್ಲ. ಈ ವಿಳಂಬಕ್ಕೆ ಸೇವೆಯ ಏರ್ಪಾಡು ಕಾರಣವೇ ಹೊರತು ರೋಗಿಯ ಹಟವಾಗಲಿ, ಮನೆಯವರ ಉದಾಸೀನವಾಗಲಿ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 2.3 ಕೋಟಿ ಜನರಿಗೆ, ಅಂದರೆ ಹೆಚ್ಚುಕಡಿಮೆ 345 ಜನರಲ್ಲಿ ಒಬ್ಬರಿಗೆ, ಸ್ಕಿಜೋಫ್ರೇನಿಯಾ ಇದೆ. ಇಂಥ ತೀವ್ರ ಮನೋರೋಗ ಇರುವವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿಗೆ ತಜ್ಞರ ಆರೈಕೆ ದೊರೆಯುತ್ತಿಲ್ಲವೆಂದೂ ಅದೇ ಸಂಸ್ಥೆ ಹೇಳುತ್ತದೆ. ಆ ದೊಡ್ಡ ಕೊರತೆಯನ್ನು ಕುರಿತು ಮಾತನಾಡುವವರು ಸಾಕಷ್ಟು ಜನ ಇದ್ದಾರೆ. ನಾನು ಕೇಳುತ್ತಿರುವುದು, ಆಸ್ಪತ್ರೆಯ ಬಾಗಿಲವರೆಗೆ ಹೇಗೋ ಬಂದು ಸೇರಿದವರಿಗಾದರೂ ಏನು ಸಿಗುತ್ತಿದೆ ಎಂಬುದನ್ನು. ಹೆಚ್ಚಿನ ಕಡೆ ಸಿಗುವುದು ಹೊರರೋಗಿ ವಿಭಾಗದಲ್ಲಿ ಕೆಲವೇ ನಿಮಿಷ, “ನಿದ್ದೆ ಬರ್ತಿದೆಯಾ, ಮಾತ್ರೆ ತಗೋತಿದ್ದಾರಾ” ಎಂಬ ಎರಡು ಪ್ರಶ್ನೆ, ಮತ್ತು ಹಳೆಯ ಚೀಟಿಯದೇ ಮುಂದುವರಿಕೆ. ಆ ಪ್ರಶ್ನೆಗಳನ್ನೂ ಕೇಳುವುದು ಪಕ್ಕದಲ್ಲಿ ನಿಂತವರನ್ನು. ಎದುರಿಗೆ ಕೂತ ರೋಗಿಯನ್ನಲ್ಲ.

ಔಷಧಗಳ ಮಹತ್ವವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ದೆಲೆ ಮತ್ತು ಪಿಯರ್ ದೆನಿಕರ್ ಅವರು ಕ್ಲೋರ್‌ಪ್ರೊಮಝೀನ್ ಎಂಬ ಔಷಧ ಕೊಟ್ಟು ನೋಡುವ ಮೊದಲು ಈ ಕಾಯಿಲೆಗೆ ಚಿಕಿತ್ಸೆಯೆಂಬ ಹೆಸರಿನಲ್ಲಿ ನಡೆದದ್ದು ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಮೆದುಳಿನ ಮುಂಭಾಗದ ನರಗಳನ್ನು ಕತ್ತರಿಸುವುದು, ಇಲ್ಲವೇ ಜೀವಮಾನವಿಡೀ ಗೋಡೆಗಳ ಹಿಂದೆ ಇಡುವುದು. ಮೆದುಳನ್ನು ಕತ್ತರಿಸುವ ಆ ವಿಧಾನಕ್ಕೆ 1949ರಲ್ಲಿ ನೊಬೆಲ್ ಪ್ರಶಸ್ತಿಯೂ ಸಂದಿತ್ತು ಎಂಬುದನ್ನು ಇಂದಿನ ನೀತಿ ರೂಪಿಸುವವರು ಆಗಾಗ ನೆನೆಸಿಕೊಳ್ಳುವುದು ಒಳ್ಳೆಯದು. ಆ ಕಾಲದಿಂದ ನಾವು ಬಹುದೂರ ಬಂದಿರುವುದಕ್ಕೆ ಔಷಧವೇ ಮುಖ್ಯ ಕಾರಣ. 65 ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಔಷಧ ಮುಂದುವರಿಸಿದವರಲ್ಲಿ ಸುಮಾರು ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ನೂರಕ್ಕೆ 27 ಮಂದಿಗೆ. ಔಷಧದ ಬದಲು ಹುಸಿಮಾತ್ರೆ ಪಡೆದವರಲ್ಲಿ 64 ಮಂದಿಗೆ. ಇದಕ್ಕಿಂತ ಸ್ಪಷ್ಟವಾದ ಪುರಾವೆ ವೈದ್ಯಕೀಯದಲ್ಲಿ ಎಷ್ಟೋ ಔಷಧಗಳಿಗೆ ಇಲ್ಲ.

ಆದರೆ ಈ ಔಷಧಗಳು ಏನನ್ನು ಮಾಡುತ್ತವೆ, ಏನನ್ನು ಮಾಡುವುದಿಲ್ಲ ಎಂಬುದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಅವು ಮುಖ್ಯವಾಗಿ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕೆಲಸ ಮಾಡುವ ಜಾಗಗಳನ್ನು, ವೈದ್ಯರು ಡಿ2 ಗ್ರಾಹಕಗಳೆಂದು ಕರೆಯುವುದನ್ನು, ತಡೆಯುತ್ತವೆ. ಇದರಿಂದ ಇಲ್ಲದ ದನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ, ಮಾತನಾಡಿದ್ದೆಲ್ಲ ನನ್ನ ಬಗ್ಗೆಯೇ ಎಂಬ ದೃಢ ನಂಬಿಕೆ, ಮಾತಿಗೆ ಮಾತು ಜೋಡಿಸಲಾಗದ ಗೊಂದಲ, ಇವು ಅನೇಕರಲ್ಲಿ ತಗ್ಗುತ್ತವೆ. ಆದರೆ ಹಾಸಿಗೆಯಿಂದ ಏಳಬೇಕೆನ್ನಿಸದಿರುವುದು, ಮುಖದಲ್ಲಿ ಭಾವ ಮೂಡದಿರುವುದು, ಸ್ನೇಹಿತರು ಬೇಡವೆನಿಸುವುದು, ಓದಿದ ಸಾಲು ನೆನಪಿನಲ್ಲಿ ನಿಲ್ಲದಿರುವುದು, ಇವುಗಳ ಮೇಲೆ ಅವುಗಳ ಪ್ರಭಾವ ಅತ್ಯಲ್ಪ. ವೈದ್ಯರ ದಾಖಲೆಯಲ್ಲಿ ‘ಸುಧಾರಿಸಿದ್ದಾರೆ’ ಎಂದು ಬರೆಸಿಕೊಂಡ ಮನುಷ್ಯ ಮನೆಯಲ್ಲಿ ದಿನವಿಡೀ ಗೋಡೆ ನೋಡುತ್ತ ಕೂತಿರುವುದು ಈ ಕಾರಣದಿಂದ. ಮನೆಯವರು ಅದನ್ನು ಸೋಮಾರಿತನವೆಂದು ತಿಳಿದು ಗದರುತ್ತಾರೆ. ಅದು ಕಾಯಿಲೆಯದೇ ಇನ್ನೊಂದು ಮುಖವೆಂದು ತಿಳಿಸುವ ಹೊಣೆ ಯಾರದು?

ಡೋಸಿನ ವಿಷಯವೂ ಹಾಗೆಯೇ. ಮೆದುಳಿನ ಚಿತ್ರಣ ಅಧ್ಯಯನಗಳ ಪ್ರಕಾರ ಹೆಚ್ಚಿನ ಔಷಧಗಳು ಫಲ ಕೊಡಲು ಡಿ2 ಗ್ರಾಹಕಗಳಲ್ಲಿ ಸುಮಾರು ಶೇ. 65ರಷ್ಟನ್ನು ತಡೆದರೆ ಸಾಕಾಗುತ್ತದೆ, ಶೇ. 80ರ ಆಸುಪಾಸು ದಾಟಿದರೆ ಗುಣ ಹೆಚ್ಚುವುದಿಲ್ಲ, ಕೈನಡುಕ, ಮೈ ಬಿಗಿತ, ಚಡಪಡಿಕೆ ಮಾತ್ರ ಹೆಚ್ಚುತ್ತವೆ. ಈ ಎರಡು ಅಂಕಿಗಳ ನಡುವಿನ ಜಾಗ ಬಹಳ ಕಿರಿದು. ನನ್ನ ತಮ್ಮನಿಗೆ ಆರಂಭದಲ್ಲಿ ಕೊಟ್ಟ ಔಷಧದ ಡೋಸ್ ಏರಿಸಿದ ಮೇಲೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ನಡೆಯುತ್ತಲೇ ಉಣ್ಣುತ್ತಿದ್ದ. ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದ, ಮಲಗಿದರೆ ಹೊದಿಕೆಯೊಳಗೆ ಪಾದಗಳು ಒಂದಕ್ಕೊಂದು ಉಜ್ಜುತ್ತಿದ್ದವು. “ಚರ್ಮದೊಳಗೆ ಏನೋ ಓಡ್ತಿದೆ ಅಕ್ಕ, ಅದನ್ನ ನಿಲ್ಲಿಸೋಕೆ ಹೇಳು” ಎಂದಿದ್ದ. ಆಸ್ಪತ್ರೆಯೊಂದರಲ್ಲಿ ಇದನ್ನು ಕಾಯಿಲೆಯ ಉದ್ರೇಕವೆಂದು ಬಗೆದು ಅದೇ ಔಷಧವನ್ನು ಮತ್ತಷ್ಟು ಏರಿಸಿದರು. ಇದಕ್ಕೆ ಅಕಥೀಸಿಯಾ ಎಂಬ ಹೆಸರಿದೆ, ಡೋಸ್ ಇಳಿಸಿದರೆ, ಔಷಧ ಬದಲಿಸಿದರೆ ಅಥವಾ ಪ್ರೊಪ್ರನೊಲಾಲ್‌ನಂಥ ಮಾತ್ರೆ ಸೇರಿಸಿದರೆ ಇದು ತಗ್ಗುತ್ತದೆ, ಹಾಗೇ ಬಿಟ್ಟರೆ ಕೆಲವರನ್ನು ಆತ್ಮಹತ್ಯೆಯ ಯೋಚನೆಯವರೆಗೂ ದೂಡುತ್ತದೆ ಎಂಬುದು ಪಠ್ಯಪುಸ್ತಕದಲ್ಲಿರುವ ಸಂಗತಿ. ಪ್ರತಿ ಭೇಟಿಯಲ್ಲೂ ರೋಗಿಯನ್ನು ಎರಡು ನಿಮಿಷ ಕೂರಿಸಿ, ಎರಡು ನಿಮಿಷ ನಿಲ್ಲಿಸಿ ಕಾಲುಗಳನ್ನು ಗಮನಿಸಿದರೆ ಇದು ಗೊತ್ತಾಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ. ಔಷಧ ಬೇಡವೆಂದು ಹಟ ಹಿಡಿಯುವ ರೋಗಿಗಳಲ್ಲಿ ಎಷ್ಟು ಮಂದಿ ನಿಜಕ್ಕೂ ಬೇಡವೆನ್ನುತ್ತಿರುವುದು ಇಂಥ ಹಿಂಸೆಯನ್ನು ಎಂಬುದನ್ನು ದಯವಿಟ್ಟು ಯೋಚಿಸಿ.

ಇನ್ನು ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಸಾಮಾನ್ಯವಾಗಿ ಬಳಸುವ ಔಷಧಗಳು ಹಿಡಿಸುವುದಿಲ್ಲ. ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಡೋಸಿನಲ್ಲಿ, ಒಂದೊಂದನ್ನೂ ಕನಿಷ್ಠ ಆರು ವಾರ, ರೋಗಿ ನಿಜವಾಗಿಯೂ ಸೇವಿಸುತ್ತಿರುವುದನ್ನು ಖಚಿತಪಡಿಸಿಕೊಂಡು ಕೊಟ್ಟ ಮೇಲೂ ಗುಣ ಕಾಣದಿದ್ದರೆ ಅದನ್ನು ಚಿಕಿತ್ಸೆಗೆ ಜಗ್ಗದ ಸ್ಥಿತಿಯೆಂದು ಪರಿಗಣಿಸಿ ಕ್ಲೋಝಪೀನ್ ಎಂಬ ಔಷಧ ಆರಂಭಿಸಬೇಕೆಂದು ಪ್ರಮುಖ ಮಾರ್ಗಸೂಚಿಗಳೆಲ್ಲ ಹೇಳುತ್ತವೆ. ಲೆಕ್ಕ ಹಾಕಿ ನೋಡಿದರೆ, ಎಲ್ಲವೂ ನಿಯಮದಂತೆ ನಡೆದಲ್ಲಿ, ಚಿಕಿತ್ಸೆ ಆರಂಭವಾದ ಕೆಲವೇ ತಿಂಗಳುಗಳಲ್ಲಿ ಈ ತೀರ್ಮಾನಕ್ಕೆ ಬರಬಹುದು. ಲಂಡನ್ನಿನ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕ್ಲೋಝಪೀನ್ ಆರಂಭಿಸುವುದರಲ್ಲಿ ಆದ ಸರಾಸರಿ ವಿಳಂಬ ಸುಮಾರು ನಾಲ್ಕು ವರ್ಷ. ಅದಕ್ಕೆ ಮುಂಚೆ ಮೂವರಲ್ಲಿ ಒಬ್ಬರಿಗೂ ಹೆಚ್ಚು ಮಂದಿಗೆ ಒಂದರ ಮೇಲೊಂದು ಔಷಧ ಪೇರಿಸಿ ಕೊಡಲಾಗಿತ್ತು, ಹಾಗೆ ಪೇರಿಸುವುದರಿಂದ ಲಾಭವಿದೆಯೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲದಿದ್ದರೂ. ಅಷ್ಟು ವ್ಯವಸ್ಥಿತವಾದ ಆರೋಗ್ಯ ಸೇವೆಯಿರುವ ನಗರದ ಕತೆಯೇ ಹೀಗಿದ್ದರೆ ಬೇರೆಡೆಯದನ್ನು ಊಹಿಸಿಕೊಳ್ಳಬಹುದು. ಇಪ್ಪತ್ತನಾಲ್ಕರ ಹರೆಯದಲ್ಲಿ ನಾಲ್ಕು ವರ್ಷವೆಂದರೆ ಓದು, ಮೊದಲ ಕೆಲಸ, ಗೆಳೆತನ ಎಲ್ಲವೂ ಹೋಗುವ ಅವಧಿ.

ಕ್ಲೋಝಪೀನಿನ ಚರಿತ್ರೆಯಲ್ಲೇ ಈ ಹಿಂಜರಿಕೆಯ ಬೇರಿದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಈ ಔಷಧ ಸೇವಿಸುತ್ತಿದ್ದ ಕೆಲವರ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು ಹಠಾತ್ತನೆ ಕುಸಿದವು, ಎಂಟು ಮಂದಿ ತೀರಿಕೊಂಡರು. ಹಲವು ದೇಶಗಳಲ್ಲಿ ಔಷಧ ಮೂಲೆಗೆ ಸರಿಯಿತು. ಆದರೆ 1988ರಲ್ಲಿ ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು, ಬೇರೆ ಯಾವ ಔಷಧಕ್ಕೂ ಜಗ್ಗದ 268 ಮಂದಿಯ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಆರು ವಾರಗಳಲ್ಲಿ ಕ್ಲೋಝಪೀನ್ ಪಡೆದವರಲ್ಲಿ ಶೇ. 30ರಷ್ಟು ಮಂದಿ ಸ್ಪಂದಿಸಿದರು. ಕ್ಲೋರ್‌ಪ್ರೊಮಝೀನ್ ಪಡೆದವರಲ್ಲಿ ಶೇ. 4. ರಕ್ತಪರೀಕ್ಷೆಯ ಷರತ್ತಿನ ಮೇಲೆ 1989ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಮುಂದೆ 2003ರಲ್ಲಿ 11 ದೇಶಗಳ 980 ಮಂದಿಯನ್ನು ಎರಡು ವರ್ಷ ಗಮನಿಸಿದ ಇಂಟರ್‌ಸೆಪ್ಟ್ ಅಧ್ಯಯನದಲ್ಲಿ, ಆತ್ಮಹತ್ಯೆಯ ಅಪಾಯ ಹೆಚ್ಚಿದ್ದವರಲ್ಲಿ ಕ್ಲೋಝಪೀನ್ ಆ ಪ್ರಯತ್ನಗಳನ್ನು ಓಲಾನ್ಝಪೀನ್ ಎಂಬ ಇನ್ನೊಂದು ಔಷಧಕ್ಕಿಂತ ಗಣನೀಯವಾಗಿ ತಗ್ಗಿಸಿತು. ಫಿನ್ಲೆಂಡಿನ 66,881 ರೋಗಿಗಳ ದಾಖಲೆಗಳನ್ನು ಆಧರಿಸಿದ 2009ರ ಅಧ್ಯಯನದಲ್ಲಿ, ಬಳಕೆಯಲ್ಲಿರುವ ಔಷಧಗಳ ಪೈಕಿ ಸಾವಿನ ಪ್ರಮಾಣ ಅತಿ ಕಡಿಮೆ ಇದ್ದದ್ದು ಕ್ಲೋಝಪೀನ್ ಸೇವಿಸುವವರಲ್ಲಿ. ಅಪಾಯಕಾರಿಯೆಂದು ಹೆಸರು ಕೆಡಿಸಿಕೊಂಡ ಔಷಧದ ವಿಷಯದಲ್ಲಿ ಅದೇ ದೇಶದಿಂದ ಬಂದ ಉತ್ತರವಿದು.

ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನೂರರಲ್ಲಿ ಸುಮಾರು ಒಬ್ಬರಲ್ಲಿ ಬಿಳಿ ಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು, ಅದೂ ಬಹುತೇಕ ಮೊದಲ 18 ವಾರಗಳಲ್ಲಿ. ಆದ್ದರಿಂದಲೇ ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ವರ್ಷ ಕಳೆದ ಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸುವ ಪದ್ಧತಿ ಬಂದದ್ದು. ವಿವರಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಮೊದಲ ವಾರಗಳಲ್ಲಿ ಹೃದಯದ ಸ್ನಾಯುವಿಗೆ ಉರಿಯೂತ ಬರುವ ಸಾಧ್ಯತೆಯನ್ನೂ ಗಮನಿಸಬೇಕು. ಆದರೆ ರಕ್ತಕಣಗಳ ಮೇಲಿನ ನಿಗಾ ಎಷ್ಟು ಬಿಗಿಯೋ ಅಷ್ಟೇ ಸಡಿಲವಾಗಿರುವುದು ಮಲಬದ್ಧತೆಯ ಮೇಲಿನ ನಿಗಾ. ಕ್ಲೋಝಪೀನ್ ಕರುಳಿನ ಚಲನೆಯನ್ನು ಮಂದಗೊಳಿಸುತ್ತದೆ. ಕರುಳು ಕಟ್ಟಿಕೊಂಡು ಜೀವ ಹೋದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಹೇರಳವಾಗಿವೆ. ಸಂಕೋಚದಿಂದ ರೋಗಿ ಹೇಳುವುದಿಲ್ಲ, ಅವಸರದಲ್ಲಿ ವೈದ್ಯರು ಕೇಳುವುದಿಲ್ಲ. ಬೀಡಿ, ಸಿಗರೇಟಿನ ವಿಷಯವೂ ಹೆಚ್ಚಿನವರಿಗೆ ತಿಳಿದಿಲ್ಲ. ತಂಬಾಕಿನ ಹೊಗೆ ಯಕೃತ್ತಿನಲ್ಲಿ ಈ ಔಷಧ ಬೇಗ ಕರಗುವಂತೆ ಮಾಡುತ್ತದೆ, ಹೀಗಾಗಿ ಧೂಮಪಾನ ಮಾಡುವವರಿಗೆ ಹೆಚ್ಚು ಡೋಸ್ ಬೇಕಾಗುತ್ತದೆ. ಅವರೇ ಸಿಗರೇಟು ಹಠಾತ್ತನೆ ಬಿಟ್ಟರೆ, ಉದಾಹರಣೆಗೆ ಹೊಗೆ ನಿಷೇಧಿಸಿದ ವಾರ್ಡಿಗೆ ದಾಖಲಾದರೆ, ಅದೇ ಡೋಸ್ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ದಾಖಲಾತಿಯ ನಮೂನೆಯಲ್ಲಿ ಇದಕ್ಕೊಂದು ಸಾಲು ಸೇರಿಸುವುದು ಯಾವ ಆಡಳಿತಕ್ಕೂ ಭಾರವಾಗಲಾರದು.

ನನ್ನ ತಮ್ಮ ಈಗ ಈ ಔಷಧದ ಮೇಲಿದ್ದಾನೆ. ಬೆಳಿಗ್ಗೆ ಎದ್ದಾಗ ದಿಂಬಿನ ಒಂದು ಮೂಲೆ ಜೊಲ್ಲಿನಿಂದ ತೊಯ್ದಿರುತ್ತದೆ, ಹತ್ತು ಗಂಟೆಯವರೆಗೆ ಮಂಪರು ಬಿಡುವುದಿಲ್ಲ, ಸೊಂಟದ ಸುತ್ತಳತೆ ಹೆಚ್ಚಿದೆ. ದನಿಗಳು ಪೂರ್ತಿ ಹೋಗಿಲ್ಲ. ಆದರೆ ಮೊದಲು ಅವು ಅವನಿಗೆ ಅಪ್ಪಣೆ ಮಾಡುತ್ತಿದ್ದವು, ಈಗ ಪಕ್ಕದ ಕೋಣೆಯ ರೇಡಿಯೋದಂತೆ ಇರುತ್ತವೆ ಎನ್ನುತ್ತಾನೆ. ಈ ವ್ಯತ್ಯಾಸದ ಮೇಲೆಯೇ ಅವನು ಈಗ ನಡೆಸುತ್ತಿರುವ ಬದುಕು ನಿಂತಿದೆ. ಇದನ್ನು ಇಷ್ಟು ತಡವಾಗಿ ಏಕೆ ಕೊಟ್ಟಿರೆಂದು ಕೇಳಿದಾಗ ಒಬ್ಬ ವೈದ್ಯರು ಹೇಳಿದ ಕಾರಣ ಪ್ರಾಮಾಣಿಕವಾಗಿತ್ತು: ರಕ್ತದ ವರದಿ ಅದೇ ದಿನ ಕೈಗೆ ಸಿಗುವ ವ್ಯವಸ್ಥೆ ತಮ್ಮಲ್ಲಿಲ್ಲ, ಸಿಕ್ಕರೂ ಅದನ್ನು ವಾರವಾರ ನೋಡಿ ದಾಖಲಿಸುವ ಸಿಬ್ಬಂದಿಯಿಲ್ಲ, ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ತಮ್ಮೊಬ್ಬರ ಮೇಲೆ ಬೀಳುತ್ತದೆ. ಆ ವೈದ್ಯರನ್ನು ನಾನು ದೂರುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಒಬ್ಬ ನರ್ಸ್, ಒಂದು ವಹಿ, ಮತ್ತು ಸಂದೇಹ ಬಂದಾಗ ಫೋನ್ ಮಾಡಿ ಕೇಳಬಹುದಾದ ಒಬ್ಬ ಅನುಭವಿ. ಬೆರಳ ತುದಿಯ ಹನಿ ರಕ್ತದಲ್ಲೇ ಬಿಳಿ ಕಣಗಳನ್ನು ಕೆಲವು ನಿಮಿಷಗಳಲ್ಲಿ ಎಣಿಸುವ ಸಣ್ಣ ಯಂತ್ರಗಳೂ ಈಗ ಬಂದಿವೆ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ರಕ್ತದ ವರದಿ ದಾಖಲಾಗದೆ ಔಷಧವೇ ಇಲ್ಲವೆಂಬ ತನ್ನ ಕಟ್ಟುನಿಟ್ಟಿನ ಏರ್ಪಾಡನ್ನು ಕೈಬಿಟ್ಟಿತು. ಪರೀಕ್ಷೆ ಬೇಡವೆಂದು ಅದು ಹೇಳಿಲ್ಲ, ಕಾಗದಪತ್ರದ ತೊಡಕಿನಿಂದ ಔಷಧ ತಪ್ಪಿಹೋಗುವ ನಷ್ಟ ದೊಡ್ಡದೆಂದು ಮನಗಂಡಿತು. ನಿಗಾ ಮತ್ತು ಅಡ್ಡಿ ಎರಡೂ ಒಂದೇ ಅಲ್ಲವೆಂಬ ಈ ವಿವೇಕ ನಿಮ್ಮ ನಿಯಮಗಳಲ್ಲೂ ಕಾಣಬೇಕು.

ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ದೀರ್ಘಾವಧಿ ಇಂಜೆಕ್ಷನ್ನುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಿನದಿನದ ಮಾತ್ರೆಯ ಜಗಳವನ್ನು ಅವು ಮನೆಯಿಂದ ಹೊರಗೆ ಹಾಕುತ್ತವೆ, ಹಲವರಿಗೆ ಅದೇ ದೊಡ್ಡ ನೆಮ್ಮದಿ. ಆದರೆ ಮಾತು ಕೇಳದವರಿಗೆ ಕೊಡುವ ಶಿಕ್ಷೆಯಂತೆ ಅವುಗಳನ್ನು ಬಳಸುವ ಅಭ್ಯಾಸ ಹೋಗಬೇಕು. ಮೊದಲಿನಿಂದಲೇ, ಆಯ್ಕೆಯಾಗಿ, ವಿವರಿಸಿ ಮುಂದಿಟ್ಟರೆ ಒಪ್ಪುವವರು ಬಹಳ ಜನ ಇರುತ್ತಾರೆ.

ಔಷಧ ಯಾವಾಗ ನಿಲ್ಲಿಸಬಹುದು ಎಂಬುದು ರೋಗಿಗಳು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ, ಮತ್ತು ಎಲ್ಲಕ್ಕಿಂತ ಬೇಗ ತಳ್ಳಿಹಾಕಲಾಗುವ ಪ್ರಶ್ನೆ. ಪುರಾವೆ ಇಲ್ಲಿ ಒಂದೇ ದಿಕ್ಕಿನಲ್ಲಿಲ್ಲ. ಮೊದಲ ಬಾರಿ ಕಾಯಿಲೆಗೆ ತುತ್ತಾಗಿ ಚೇತರಿಸಿಕೊಂಡವರನ್ನು ನೆದರ್ಲೆಂಡ್ಸಿನಲ್ಲಿ ಏಳು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಆರಂಭದಲ್ಲಿ ಡೋಸ್ ಇಳಿಸುವ ಅಥವಾ ನಿಲ್ಲಿಸುವ ಪ್ರಯತ್ನ ನಡೆದ ಗುಂಪಿನಲ್ಲಿ ಶೇ. 40ರಷ್ಟು ಮಂದಿ ಪೂರ್ತಿ ಚೇತರಿಸಿಕೊಂಡಿದ್ದರು, ಔಷಧವನ್ನು ಅದೇ ಪ್ರಮಾಣದಲ್ಲಿ ಮುಂದುವರಿಸಿದ ಗುಂಪಿನಲ್ಲಿ ಶೇ. 18ರಷ್ಟು ಮಂದಿ. 2013ರಲ್ಲಿ ಈ ಫಲಿತಾಂಶ ಬಂದಾಗ ಬಹಳ ಆಸೆ ಹುಟ್ಟಿತು. ಆದರೆ ಇಂಗ್ಲೆಂಡಿನಲ್ಲಿ, ಕಾಯಿಲೆ ಬಹುಕಾಲದಿಂದ ಇದ್ದವರ ಡೋಸ್ ನಿಧಾನವಾಗಿ ಇಳಿಸಿದ ರಾಡಾರ್ ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾದಾಗ, ಎರಡು ವರ್ಷದ ಕೊನೆಗೆ ಅವರ ಸಾಮಾಜಿಕ ಬದುಕಿನಲ್ಲಿ ಸುಧಾರಣೆ ಕಾಣಲಿಲ್ಲ, ಕಾಯಿಲೆ ಮರುಕಳಿಸಿದ್ದು ಹೆಚ್ಚಾಯಿತು. ನನ್ನ ಅಭಿಪ್ರಾಯದಲ್ಲಿ ಇವೆರಡರಿಂದ ಹೊರಡುವ ತಾತ್ಪರ್ಯ, ಸಾಕಷ್ಟು ಕಾಲ ಸ್ಥಿರವಾಗಿರುವ ವ್ಯಕ್ತಿ ಕೇಳಿದಾಗ ವೈದ್ಯರ ಕಣ್ಗಾವಲಿನಲ್ಲಿ, ತಿಂಗಳುಗಟ್ಟಲೆ ಅವಧಿಯಲ್ಲಿ, ಮರುಕಳಿಸುವ ಮುನ್ಸೂಚನೆಗಳನ್ನು ಮೊದಲೇ ಬರೆದಿಟ್ಟುಕೊಂಡು ಡೋಸ್ ಇಳಿಸಿ ನೋಡುವ ಅವಕಾಶ ಇರಬೇಕು ಎಂಬುದು. ಆ ಅವಕಾಶ ನಿರಾಕರಿಸಿದಾಗ ಜನ ಗುಟ್ಟಾಗಿ, ಒಂದೇ ದಿನದಲ್ಲಿ ಬಿಡುತ್ತಾರೆ. ಇದು ಎಲ್ಲಕ್ಕಿಂತ ಅಪಾಯಕಾರಿ ದಾರಿ.

ಹೊಸ ಔಷಧದ ಸುದ್ದಿಯೂ ಇದೆ. ಡೋಪಮಿನ್ ಗ್ರಾಹಕವನ್ನು ತಡೆಯದೆ, ಮಸ್ಕರಿನಿಕ್ ಎಂಬ ಬೇರೊಂದು ಬಗೆಯ ಗ್ರಾಹಕಗಳ ಮೂಲಕ ಕೆಲಸ ಮಾಡುವ ಝನೊಮೆಲಿನ್-ಟ್ರೋಸ್ಪಿಯಂ ಜೋಡಿಗೆ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸಂತೋಷ. ಆದರೆ ಮೂವತ್ತೈದು ವರ್ಷಕ್ಕೂ ಹಳೆಯದಾದ ಪುರಾವೆಯಿರುವ ಕ್ಲೋಝಪೀನನ್ನೇ ಸರಿಯಾಗಿ ತಲುಪಿಸಲಾಗದ ವ್ಯವಸ್ಥೆಗೆ ಹೊಸದೊಂದು ಬಂದು ಏನು ಮಾಡೀತು?

ಔಷಧದ ಆಚೆಗಿನ ಮಾತು. ಕಾಯಿಲೆ ಕಾಣಿಸಿಕೊಂಡ ಮೇಲೆ ಮೊದಲ ಸರಿಯಾದ ಚಿಕಿತ್ಸೆ ಸಿಗುವವರೆಗಿನ ಅವಧಿ ಎಷ್ಟು ಉದ್ದವೋ ಮುಂದಿನ ದಾರಿ ಅಷ್ಟು ಕಠಿಣ. ಅಮೆರಿಕದ 21 ರಾಜ್ಯಗಳ 34 ಚಿಕಿತ್ಸಾಲಯಗಳಲ್ಲಿ ನಡೆದ ರೇಸ್ ಎಂಬ ಅಧ್ಯಯನದಲ್ಲಿ ಆ ಅವಧಿಯ ಮಧ್ಯಾಂಕ 74 ವಾರವಾಗಿತ್ತು; ಔಷಧ, ಮನೆಯವರ ತಿಳಿವಳಿಕೆ, ಆಪ್ತಸಮಾಲೋಚನೆ, ಓದು ಮತ್ತು ಕೆಲಸಕ್ಕೆ ಬೆಂಬಲ ಇವನ್ನೆಲ್ಲ ಒಂದೇ ತಂಡದಿಂದ ಕೊಟ್ಟಾಗ, ಬೇಗ ಬಂದವರಿಗೆ ಅದರಿಂದ ಹೆಚ್ಚು ಪ್ರಯೋಜನವಾಯಿತು. ಈ ಅವಧಿಯನ್ನು ಕುಗ್ಗಿಸುವುದು ಸಾಧ್ಯವೇ ಎಂಬುದಕ್ಕೆ ನಾರ್ವೆಯ ರೋಗಾಲ್ಯಾಂಡ್ ಪ್ರಾಂತ್ಯ ಉತ್ತರ ಕೊಟ್ಟಿದೆ. 1997ರಿಂದ ಅಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು, ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ಲಕ್ಷಣಗಳನ್ನು ವಿವರಿಸಿದರು, ಯಾರು ಬೇಕಾದರೂ ನೇರವಾಗಿ ಕರೆ ಮಾಡಬಹುದಾದ ಪತ್ತೆ ತಂಡಗಳನ್ನು ಕಟ್ಟಿದರು. ಆರು ತಿಂಗಳಷ್ಟಿದ್ದ ಅವಧಿ ಐದು ವಾರಕ್ಕೆ ಇಳಿಯಿತು. ಪ್ರಚಾರ ನಿಲ್ಲಿಸಿದ ಮೇಲೆ ಅದು ಮತ್ತೆ ಏರಿತು. ಹತ್ತು ವರ್ಷಗಳ ಬಳಿಕ ನೋಡಿದಾಗ, ಬೇಗ ಪತ್ತೆಹಚ್ಚುವ ವ್ಯವಸ್ಥೆಯಿದ್ದ ಪ್ರದೇಶದಲ್ಲಿ ಚೇತರಿಸಿಕೊಂಡವರ ಪ್ರಮಾಣ ಬೇರೆಡೆಯದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಪ್ರಚಾರಕ್ಕೆ ಇಟ್ಟ ಹಣವನ್ನು ವ್ಯರ್ಥ ಖರ್ಚೆಂದು ಬಜೆಟ್ಟಿನಲ್ಲಿ ಮೊದಲು ಕತ್ತರಿಸುವವರು ಇದನ್ನು ಗಮನಿಸಲಿ.

ಮನೆಯವರ ವಿಷಯಕ್ಕೆ ಬಂದರೆ, 1950ರ ದಶಕದಲ್ಲಿ ಲಂಡನ್ನಿನ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ಆಸ್ಪತ್ರೆಯಿಂದ ಬಿಡುಗಡೆಯಾದ ಗಂಡಸರಲ್ಲಿ ಹೆತ್ತವರ ಅಥವಾ ಹೆಂಡತಿಯ ಬಳಿಗೆ ಮರಳಿದವರಿಗಿಂತ ಬಾಡಿಗೆ ಕೋಣೆಯಲ್ಲೋ ಒಡಹುಟ್ಟಿದವರ ಮನೆಯಲ್ಲೋ ಉಳಿದವರು ಚೆನ್ನಾಗಿರುವುದನ್ನು ಕಂಡರು. (ಅಕ್ಕನಾದ ನನಗೆ ಇದನ್ನು ಓದಿ ಸ್ವಲ್ಪ ಹೆಮ್ಮೆಯೆನಿಸಿದ್ದೂ ನಿಜ.) ಮುಂದಿನ ಅಧ್ಯಯನಗಳಲ್ಲಿ ಸ್ಪಷ್ಟವಾದದ್ದು, ಸದಾ ಟೀಕಿಸುವ, ಹಗೆ ಸಾಧಿಸುವ ಅಥವಾ ಉಸಿರುಗಟ್ಟುವಷ್ಟು ಕಾಳಜಿ ಮಾಡುವ ವಾತಾವರಣದಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂಬುದು. ಇದನ್ನು ಮನೆಯವರ ಮೇಲಿನ ಆರೋಪವಾಗಿ ಬಳಸಿದ ಕಾಲವೂ ಇತ್ತು. ತಾಯಿಯ ಸ್ವಭಾವವೇ ಈ ಕಾಯಿಲೆಗೆ ಕಾರಣವೆಂಬ, ಯಾವ ಪುರಾವೆಯೂ ಇಲ್ಲದ ಸಿದ್ಧಾಂತವನ್ನು ಹೊತ್ತು ಎಷ್ಟು ತಾಯಂದಿರು ಕೊರಗಿದರೋ. ಕಾಯಿಲೆಯನ್ನು ಮನೆಯವರು ತರುವುದಿಲ್ಲ. ಆದರೆ ಹೇಗೆ ನಡೆದುಕೊಳ್ಳಬೇಕೆಂದು ಅವರಿಗೆ ಕಲಿಸಿದರೆ ಮರುಕಳಿಸುವುದು ಗಣನೀಯವಾಗಿ ಕಡಿಮೆಯಾಗುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ಇದಕ್ಕಾಗಿ ಮೂರು ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ಕನಿಷ್ಠ ಹತ್ತು ಸಭೆಗಳನ್ನು ಶಿಫಾರಸು ಮಾಡುತ್ತದೆ. ನಮಗೆ ಕಲಿಸಿದವರು ಯಾರೂ ಇರಲಿಲ್ಲ. ಯಾರೋ ನನ್ನನ್ನು ನೋಡಿ ನಗುತ್ತಿದ್ದಾರೆ ಎಂದು ತಮ್ಮ ಹೇಳಿದಾಗ “ಇಲ್ಲ, ಯಾರೂ ನಗುತ್ತಿಲ್ಲ” ಎಂದು ವಾದಕ್ಕೆ ಇಳಿಯುವುದೂ ತಪ್ಪು, “ಹೌದು” ಎಂದು ತಲೆಯಾಡಿಸುವುದೂ ತಪ್ಪು, “ನಿನಗೆ ಹಾಗೆ ಅನ್ನಿಸಿದರೆ ಎಷ್ಟು ಭಯವಾಗಿರಬೇಕು” ಎನ್ನಬಹುದು ಎಂಬುದು ಯಾವುದೇ ದುಬಾರಿ ಜ್ಞಾನವಲ್ಲ. ಡಿಸ್ಚಾರ್ಜ್ ಚೀಟಿಯ ಜೊತೆಗೇ ಅದನ್ನು ಹೇಳಿ ಕಳಿಸಬಹುದಿತ್ತು.

ಇದಕ್ಕೆಲ್ಲ ತಜ್ಞರು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಭಾರತದ ಮೂರು ಕಡೆ 282 ಮಂದಿಯನ್ನು ಒಳಗೊಂಡು ನಡೆದು 2014ರಲ್ಲಿ ಪ್ರಕಟವಾದ ಕಾಪ್ಸಿ ಪ್ರಯೋಗದಲ್ಲಿ, ಮನೋವೈದ್ಯಕೀಯ ಪದವಿಯಿಲ್ಲದ, ತರಬೇತಿ ಪಡೆದ ಸಮುದಾಯ ಕಾರ್ಯಕರ್ತರು ತಜ್ಞರ ಮೇಲ್ವಿಚಾರಣೆಯಲ್ಲಿ ರೋಗಿಗಳ ಮನೆಗಳಿಗೇ ಹೋಗಿ ಈ ಕೆಲಸ ಮಾಡಿದರು. ಆಸ್ಪತ್ರೆಯ ಆರೈಕೆಯನ್ನಷ್ಟೇ ಪಡೆದವರಿಗೆ ಹೋಲಿಸಿದರೆ ಲಕ್ಷಣಗಳಲ್ಲೂ ದಿನನಿತ್ಯದ ಸಾಮರ್ಥ್ಯದಲ್ಲೂ ಸುಧಾರಣೆ ಕಂಡಿತು. ಸುಧಾರಣೆ ಸಾಧಾರಣ ಮಟ್ಟದ್ದೆಂಬುದನ್ನು ಮುಚ್ಚಿಡಬೇಕಾಗಿಲ್ಲ; ಆದರೆ ತಜ್ಞರ ಅಭಾವವನ್ನು ನೆಪ ಮಾಡಿ ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದನ್ನು ಅದು ತೋರಿಸಿತು. ದನಿಗಳನ್ನೂ ಸಂಶಯಗಳನ್ನೂ ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆಯ ಪರಿಣಾಮವೂ ಅಷ್ಟೇ, ಸಣ್ಣದಾದರೂ ನಿಜವಾದದ್ದು.

ಕೆಲಸದ ವಿಷಯದಲ್ಲಿ ಮಾತ್ರ ಪುರಾವೆ ಬೆರಗಾಗುವಷ್ಟು ಬಲವಾಗಿದೆ. ಮೊದಲು ವರ್ಷಗಟ್ಟಲೆ ತರಬೇತಿ, ಆಮೇಲೆ ಕೆಲಸ ಎಂಬುದು ಹಳೆಯ ಪದ್ಧತಿ. ಎಷ್ಟೋ ಮಂದಿ ಮೇಣದಬತ್ತಿ, ಕಾಗದದ ಚೀಲ ಮಾಡುತ್ತಲೇ ಉಳಿದುಬಿಡುತ್ತಾರೆ. ಇದಕ್ಕೆ ಬದಲಾಗಿ ನೇರವಾಗಿ ನಿಜವಾದ, ಸಂಬಳದ ಕೆಲಸಕ್ಕೆ ಸೇರಿಸಿ, ಅಲ್ಲಿ ಉಳಿಯಲು ಬೇಕಾದ ಬೆಂಬಲವನ್ನು ಚಿಕಿತ್ಸಾ ತಂಡದಿಂದಲೇ ಕೊಡುವ ವಿಧಾನವನ್ನು ಯುರೋಪಿನ ಆರು ಕೇಂದ್ರಗಳಲ್ಲಿ 312 ಮಂದಿಯೊಂದಿಗೆ ಪರೀಕ್ಷಿಸಿದಾಗ (ಫಲಿತಾಂಶ 2007ರಲ್ಲಿ ಬಂತು), ಈ ವಿಧಾನದಲ್ಲಿ ಶೇ. 55ರಷ್ಟು ಮಂದಿ ಕೆಲಸಕ್ಕೆ ಹೋದರು, ಹಳೆಯ ಪದ್ಧತಿಯಲ್ಲಿ ಶೇ. 28ರಷ್ಟು. ಕೆಲಸದ ಒತ್ತಡದಿಂದ ಕಾಯಿಲೆ ಉಲ್ಬಣಿಸೀತೆಂಬ ಭಯ ನಿಜವಾಗಲಿಲ್ಲ.

ಕೊನೆಗೆ ದೇಹದ ಆರೋಗ್ಯ. ಸ್ಕಿಜೋಫ್ರೇನಿಯಾ ಇರುವವರು ಅಕಾಲದಲ್ಲಿ ಸಾಯುವ ಸಾಧ್ಯತೆ ಇತರರಿಗಿಂತ ಎರಡು-ಮೂರು ಪಟ್ಟು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಹೃದ್ರೋಗ, ಮಧುಮೇಹ, ಸೋಂಕುಗಳು ಸೇರಿವೆ. ತೂಕ ಮತ್ತು ರಕ್ತದ ಸಕ್ಕರೆಯನ್ನು ಏರಿಸುವ ಔಷಧಗಳನ್ನು ಕೊಡುವ ವಿಭಾಗದಲ್ಲಿ ತೂಕದ ಯಂತ್ರ ಇಲ್ಲದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎದೆನೋವೆಂದು ಹೋದರೆ “ಇವರು ಮನೋರೋಗಿ” ಎಂದು ಮನೋವೈದ್ಯರ ಬಳಿಗೆ, ಅವರ ಬಳಿ ಹೋದರೆ ಇದು ದೇಹದ ವಿಷಯವೆಂದು ಮರಳಿ ಕಳಿಸುವುದನ್ನೂ ಕಂಡಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ, ಗುಣವಾಗದ ಕಾಯಿಲೆಗೆ ಇಷ್ಟು ಏಕೆ ಎಂಬ ಮಾತು ನಿಮ್ಮ ಸಭೆಗಳಲ್ಲಿ ಏಳಬಹುದು. ಅಮೆರಿಕದ ವರ್ಮಾಂಟ್ ರಾಜ್ಯದ ಆಸ್ಪತ್ರೆಯೊಂದರ ಹಿಂಬದಿ ವಾರ್ಡುಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದವರನ್ನು 1950ರ ದಶಕದಲ್ಲಿ ಪುನರ್ವಸತಿ ಯೋಜನೆಯೊಂದರ ಮೂಲಕ ಹೊರಗೆ ತರಲಾಯಿತು. ಅವರನ್ನು ಮೂರು ದಶಕಗಳ ಬಳಿಕ ಹುಡುಕಿ ಮಾತನಾಡಿಸಿದ ಕೋರ್ಟ್ನಿ ಹಾರ್ಡಿಂಗ್ ತಂಡವು 1987ರಲ್ಲಿ ವರದಿ ಮಾಡಿದಂತೆ, ಅವರಲ್ಲಿ ಅರ್ಧದಿಂದ ಮೂರನೇ ಎರಡರಷ್ಟು ಮಂದಿ ಗಣನೀಯವಾಗಿ ಸುಧಾರಿಸಿದ್ದರು ಇಲ್ಲವೇ ಚೇತರಿಸಿಕೊಂಡಿದ್ದರು. ಇವರೆಲ್ಲ ಒಮ್ಮೆ ಗುಣವಾಗುವ ಆಸೆಯಿಲ್ಲವೆಂದು ಕೈಬಿಡಲಾದವರ ಪಟ್ಟಿಯಲ್ಲಿದ್ದವರು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಲೆಕ್ಕಕ್ಕೆ ಸಂಬಂಧಿಸಿದ್ದು. ಎಷ್ಟು ಮಂದಿ ಹೊರರೋಗಿಗಳು ಬಂದರು, ಎಷ್ಟು ಹಾಸಿಗೆಗಳು ತುಂಬಿದವು ಎಂಬುದನ್ನು ನೀವು ಪ್ರತಿವರ್ಷ ಪ್ರಕಟಿಸುತ್ತೀರಿ. ಅದರ ಜೊತೆಗೆ ಇವನ್ನೂ ಪ್ರಕಟಿಸಿ: ಎರಡನೆಯ ಔಷಧ ವಿಫಲವಾದ ಮೇಲೆ ಕ್ಲೋಝಪೀನ್ ಆರಂಭಿಸಲು ಸರಾಸರಿ ಎಷ್ಟು ತಿಂಗಳು ಹಿಡಿಯಿತು, ಎಷ್ಟು ಮಂದಿಗೆ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಮನೋರೋಗದ ಔಷಧಗಳು ನಡೆಯುತ್ತಿವೆ, ಎಷ್ಟು ಮನೆಯವರಿಗೆ ಒಂದಾದರೂ ತಿಳಿವಳಿಕೆಯ ಸಭೆ ನಡೆಯಿತು, ಎಷ್ಟು ಮಂದಿಯ ತೂಕ ಮತ್ತು ಸಕ್ಕರೆಯನ್ನು ವರ್ಷಕ್ಕೊಮ್ಮೆಯಾದರೂ ಅಳೆದಿರಿ, ಎಷ್ಟು ಮಂದಿ ಕೆಲಸಕ್ಕೋ ಓದಿಗೋ ಮರಳಿದರು. ಪ್ರತಿ ಜಿಲ್ಲೆಗೊಂದರಂತೆ ಕ್ಲೋಝಪೀನ್ ಚಿಕಿತ್ಸಾಲಯ, ಅದಕ್ಕೊಬ್ಬ ನರ್ಸ್, ಅದೇ ದಿನ ಸಿಗುವ ರಕ್ತದ ವರದಿ, ಇವನ್ನು ಮೊದಲ ಹೆಜ್ಜೆಯಾಗಿ ಇಡಿ. ಈ ಲೆಕ್ಕಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಈ ಕಾಯಿಲೆಯೊಂದಿಗೆ ಬದುಕುತ್ತಿರುವ ಇಬ್ಬರಾದರೂ ಮತದಾನದ ಹಕ್ಕಿನೊಂದಿಗೆ ಕೂರಲಿ. ನನ್ನ ತಮ್ಮ ಬರಲು ಸಿದ್ಧನಿದ್ದಾನೆ. ಸಭೆಯನ್ನು ಬೆಳಿಗ್ಗೆ ಹನ್ನೊಂದರ ಮೇಲೆ ಇಟ್ಟುಕೊಳ್ಳಿ ಎಂಬುದಷ್ಟೇ ಅವನ ಷರತ್ತು. ನಿಮ್ಮ ಉತ್ತರವೂ ಈ ಪತ್ರದಂತೆ ಬಹಿರಂಗವಾಗಿಯೇ ಬರಲಿ.

ಇಂತಿ ನಂಬುಗೆಯ,
ಸ್ಕಿಜೋಫ್ರೇನಿಯಾದೊಂದಿಗೆ ಬದುಕುತ್ತಿರುವ ಒಬ್ಬರ ಅಕ್ಕ